ದುಡಿಯುವ ಗಂಡಸಿಗೆ ಮಂಕು ಕವಿದಾಗ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಗಂಡಸರ ಖಿನ್ನತೆ ಮತ್ತು ದುಡಿಮೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಈ ಸಲ ಆರಿಸಿಕೊಂಡ ಆರು ಪತ್ರಗಳಲ್ಲಿ ಕಾಯಿಲೆಯವರೇ ಬರೆದದ್ದು ಎರಡು. ಉಳಿದವನ್ನು ಹೆಂಡತಿ, ಅಪ್ಪ, ಅಮ್ಮ, ಕೆಲಸ ಕೊಟ್ಟವರು ಬರೆದಿದ್ದಾರೆ. ಮನೋವೈದ್ಯರು ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮನೆಯವರಿಗೆ 42 ವರ್ಷ. ಬೋಟಿನಲ್ಲಿ ತಾಂಡೇಲರಾಗಿದ್ದರು, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಮೂರು ವರ್ಷದ ಹಿಂದೆ ಮಳೆಗಾಲ ಪೂರ್ತಿ ಸುಮ್ಮನೆ ಕೂತರು, ಆಮೇಲೆ ತಾವಾಗಿಯೇ ಸರಿಹೋದರು. ಹೋದ ವರ್ಷ ಮತ್ತೆ ಹಾಗೇ ಆಯ್ತು. ಮಾಲೀಕರು ಬೇರೆಯವರನ್ನು ತಾಂಡೇಲ ಮಾಡಿದರು, ಇವರು ಖಲಾಸಿಯಾಗಿ (ಬೋಟಿನ ಕೆಲಸದಾಳಾಗಿ) ಹೋದರು. ಈ ವರ್ಷ ಆಗಸ್ಟ್‌ನಲ್ಲಿ ಬೋಟು ಕಡಲಿಗೆ ಇಳಿದ ಮೇಲೆ ಹೋಗಿದ್ದು ನಾಲ್ಕೇ ಟ್ರಿಪ್. ಬಲೆ ಹಿಡಿದು ಕೂತರೆ ಕೈ ಸಾಗುವುದಿಲ್ಲ ಅಂತಾರೆ. ರಾತ್ರಿ ಮೂರು ಗಂಟೆಗೇ ಎಚ್ಚರ. ಸಂಜೆಯಾದರೆ ಕುಡಿತ. ಮೈಗಳ್ಳತನ ಅಂತಾರೆ ಅತ್ತೆ. ಮಾಲೀಕರ ಮುಂಗಡವೂ ತೀರಿಲ್ಲ. ಇದು ಕಾಯಿಲೆಯೋ, ಸೋಮಾರಿತನವೋ? (ಅಂಕೋಲಾ ಕಡೆಯ ಓದುಗರು)

ಉತ್ತರ: ಖಿನ್ನತೆ ಎಂದು ಅನುಮಾನಿಸಲು ಬೇಕಾದಷ್ಟು ಗುರುತು ನಿಮ್ಮ ಪತ್ರದಲ್ಲೇ ಇದೆ. ಮೈಗಳ್ಳನಾದವನು ಕೆಲಸ ತಪ್ಪಿಸಿಕೊಂಡು ತನಗೆ ಇಷ್ಟವಾದ ಕಡೆ ಹೋಗುತ್ತಾನೆ. ಖಿನ್ನತೆಯವನಿಗೆ ಕೆಲಸದ ಜೊತೆಗೆ ಇಷ್ಟವೂ ಹೋಗಿರುತ್ತದೆ. ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು ಈ ಕಾಯಿಲೆಯ ಹಳೆಯ ಲಕ್ಷಣ. ಮಂಕು ಅತಿ ಹೆಚ್ಚಿರುವುದೂ ಅದೇ ಹೊತ್ತಿನಲ್ಲಿ. ಮೀನುಗಾರನಿಗೆ ಬೋಟು ಹತ್ತುವ ಹೊತ್ತೂ ಅದೇ. ಸಂಜೆ ಸ್ವಲ್ಪ ಗೆಲುವಾಗಿ ಕಾಣುತ್ತಾರೆ, ಮನೆಯವರು ‘ಕೆಲಸದ ಹೊತ್ತಿಗೆ ಮಾತ್ರ ಕಾಯಿಲೆ’ ಅನ್ನುತ್ತಾರೆ. ನಿಮ್ಮ ಅತ್ತೆಯವರಿಗೆ ಇದನ್ನು ಓದಿ ಹೇಳಿ.

‘ಕೈ ಸಾಗುವುದಿಲ್ಲ’ ಎಂಬ ಮಾತನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಹರಿದ ಬಲೆ ಕಟ್ಟುವವರು ಬಲೆಯ ಕಣ್ಣು (ತೂತು) ಎಣಿಸುತ್ತಾ ಗಂಟು ಹಾಕುತ್ತಾರೆ. ಇಪ್ಪತ್ತು ವರ್ಷ ಮಾಡಿದವರಿಗೆ ಆ ಲೆಕ್ಕ ಬೆರಳಲ್ಲೇ ಇರುತ್ತದೆ. ಖಿನ್ನತೆಯಲ್ಲಿ ಗಮನ ನಿಲ್ಲುವುದಿಲ್ಲ. ನಾಲ್ಕು ಕಣ್ಣು ಕಟ್ಟುವಷ್ಟರಲ್ಲಿ ಎಣಿಕೆ ತಪ್ಪುತ್ತದೆ, ಬಿಚ್ಚುತ್ತಾರೆ, ಮತ್ತೆ ಕಟ್ಟುತ್ತಾರೆ, ಕೊನೆಗೆ ಸೂಜಿ ಕೆಳಗಿಟ್ಟು ಸುಮ್ಮನೆ ಕೂರುತ್ತಾರೆ. ನೋಡುವವರಿಗೆ ಕಾಣುವುದು ಆ ಕೂತದ್ದು ಮಾತ್ರ.

ಈ ಕಾಯಿಲೆ ಕೆಲಸವನ್ನು ಒಂದೇ ಏಟಿಗೆ ಕಿತ್ತುಕೊಳ್ಳುವುದು ಕಡಿಮೆ. ತಾಂಡೇಲ, ಆಮೇಲೆ ಖಲಾಸಿ, ಆಮೇಲೆ ನಾಲ್ಕು ಟ್ರಿಪ್ ಎಂದು ನೀವು ಬರೆದಿರುವಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ. ಪ್ರತಿ ಸಲ ಹುಷಾರಾದಾಗಲೂ ಮೊದಲಿದ್ದ ಮೆಟ್ಟಿಲಿಗೆ ಮರಳಲು ಜಾಗ ಇರುವುದಿಲ್ಲ, ಅಲ್ಲಿ ಬೇರೆಯವರು ಬಂದಿರುತ್ತಾರೆ. ಆ ಅವಮಾನ ಮುಂದಿನ ಖಿನ್ನತೆಗೆ ಗೊಬ್ಬರವಾಗುತ್ತದೆ. ಒಮ್ಮೆ ಖಿನ್ನತೆ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಮರಳುತ್ತದೆ. ಎರಡು ಸಲ ಬಂದವರಲ್ಲಿ ಈ ಸಾಧ್ಯತೆ ಸುಮಾರು 70 ಶೇಕಡಾ. ಹಿಡಿದ ಮೀನಿನ ಪಾಲಿನ ಮೇಲೆ ದುಡಿಯುವವರಿಗೆ ಕಾಯಿಲೆ ರಜೆ ಎಂಬುದೇ ಇಲ್ಲ, ಟ್ರಿಪ್ ತಪ್ಪಿದರೆ ಪಾಲೂ ತಪ್ಪಿತು. ಆದ್ದರಿಂದ ‘ಹೋದ ಸಲದಂತೆ ತಾನಾಗಿ ಹೋಗುತ್ತದೆ’ ಎಂದು ಇನ್ನೊಂದು ಸೀಸನ್ ಕಾಯಬೇಡಿ.

ಮೊದಲು ಅಳತೆ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. ಕಳೆದ ಎರಡು ವಾರದ ನಿದ್ದೆ, ಹಸಿವು, ಸುಸ್ತು, ಗಮನ, ಆಸಕ್ತಿ, ಸಾಯುವ ಯೋಚನೆ ಮುಂತಾದವುಗಳಿಗೆ ತಲಾ 0ಯಿಂದ 3 ಅಂಕ, ಒಟ್ಟು 27. ಹತ್ತು ಮುಟ್ಟಿದರೆ ವೈದ್ಯರನ್ನು ಕಾಣಲೇಬೇಕು, 20 ಮುಟ್ಟಿದರೆ ತೀವ್ರ ಎಂದರ್ಥ. ಸಾಯುವ ಪ್ರಶ್ನೆಗೆ ಒಂದು ಅಂಕ ಬಂದರೂ ಉಳಿದ ಲೆಕ್ಕ ನೋಡುತ್ತಾ ಕೂರದೆ ಹೊರಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಬರುತ್ತಾರೆ, ನಿಮ್ಮಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿಕೊಳ್ಳಿ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಗೂ ಹೋಗಬಹುದು. ಅಷ್ಟೂ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಬೇಡ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್, ಬಿ12 ಪರೀಕ್ಷೆಯನ್ನೂ ಮಾಡಿಸಿ. ಇವುಗಳ ಏರುಪೇರೂ ಇದೇ ತರ ಸುಸ್ತು, ಮಂಕು ತರುತ್ತದೆ.

ಕುಡಿತದ ಬಗ್ಗೆ ಒಂದು ಎಚ್ಚರಿಕೆ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನದಲ್ಲೇ ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ದೇವರ ಮುಂದೆ ಆಣೆ ಮಾಡಿಸಿ ಬಿಡಿಸುವ ಮೊದಲು ವೈದ್ಯರಿಗೆ ತಿಳಿಸಿ, ಅದಕ್ಕೂ ಔಷಧಿ ಇದೆ.

ಇನ್ನು ಮಾತ್ರೆ. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು ಇರಬಹುದು, ಊಟವಾದ ಮೇಲೆ ನುಂಗಿದರೆ ಕಡಿಮೆ. ನಿದ್ದೆ, ಹಸಿವು ಎರಡು ವಾರದಲ್ಲಿ ಸುಧಾರಿಸಬಹುದು. ಮನಸ್ಸು ತಿಳಿಯಾಗಲು ನಾಲ್ಕರಿಂದ ಆರು ವಾರ ಬೇಕು. ಕೆಲಸದ ತ್ರಾಣ, ಅಂದರೆ ಎಣಿಕೆ, ನೆನಪು, ತಟ್ಟನೆ ತೀರ್ಮಾನಿಸುವ ಶಕ್ತಿ, ಅದಕ್ಕೂ ಆಮೇಲೆ ಬರುತ್ತದೆ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಮುಖದಲ್ಲಿ ನಗು ಕಂಡ ಕೂಡಲೇ ಹತ್ತು ದಿನದ ಟ್ರಿಪ್ಪಿಗೆ ಕಳಿಸುತ್ತಾರೆ, ಅಲ್ಲಿ ಕೆಲಸ ತಪ್ಪುತ್ತದೆ, ಬೈಗುಳ ಬೀಳುತ್ತದೆ, ‘ಔಷಧಿ ನಾಟಲಿಲ್ಲ’ ಎಂದು ಮಾತ್ರೆ ಎಸೆಯುತ್ತಾರೆ. ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಹುಷಾರಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸಬೇಕು. ನಿಮ್ಮವರಿಗೆ ಇದು ಮರಳಿ ಬಂದಿರುವುದರಿಂದ ವೈದ್ಯರು ಎರಡು ವರ್ಷ ಹೇಳಿದರೆ ಗಾಬರಿಯಾಗಬೇಡಿ. ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡಿಮಿಡಿ, ಮೈ ಜುಂ ಎನ್ನುವುದು ಆಗುತ್ತದೆ. ವೈದ್ಯರ ಲೆಕ್ಕದಂತೆ ವಾರಗಟ್ಟಲೆ ಇಳಿಸುತ್ತಾ ಬಿಡಬೇಕು.

ಕೆಲಸಕ್ಕೆ ಮರಳುವ ದಾರಿಯನ್ನು ದಡದಿಂದ ಶುರುಮಾಡಿ. ಮೊದಲ ಎರಡು ವಾರ ಬಂದರಿನಲ್ಲಿ ದಿನಕ್ಕೆ ಎರಡು ಮೂರು ತಾಸು, ಬಲೆ ಕಟ್ಟುವುದು ಇಲ್ಲವೇ ಮೀನಿನ ಬುಟ್ಟಿ ಎಣಿಸುವುದು. ಆಮೇಲಿನ ಎರಡು ವಾರ ಅರ್ಧ ದಿನ. ಅದಾದ ಮೇಲೆ ಅಂದೇ ಮರಳುವ ಬೋಟು. ಅಲ್ಲಿ ಮೂರು ನಾಲ್ಕು ವಾರ ಸರಿಯಾಗಿ ಕಳೆದರೆ ಮಾತ್ರ ಹಲವು ದಿನದ ಟ್ರಿಪ್. ಟ್ರಿಪ್ಪಿಗೆ ಹೋಗುವಾಗ ಎಣಿಸಿದ ದಿನಕ್ಕಿಂತ ಐದು ದಿನದ ಮಾತ್ರೆ ಹೆಚ್ಚಿಗೆ, ನೀರು ಹೋಗದ ಡಬ್ಬಿಯಲ್ಲಿ. ಬೋಟಿನಲ್ಲಿ ಒಬ್ಬರಿಗಾದರೂ ವಿಷಯ ಗೊತ್ತಿರಲಿ. ಮುಂಗಡದ ಬಗ್ಗೆ ಮಾಲೀಕರ ಹತ್ತಿರ ನೀವೇ ಮಾತಾಡಿ, ಪಾಲಿನಿಂದ ಸ್ವಲ್ಪ ಸ್ವಲ್ಪ ಮುರಿದುಕೊಳ್ಳುವಂತೆ ಬರೆದಿಟ್ಟುಕೊಳ್ಳಿ. ಹುಷಾರಾಗುವ ತನಕ ಹೊಸ ಮುಂಗಡ ಬೇಡ.

ಕೊನೆಯದಾಗಿ, ‘ಸಾಯುವ ಯೋಚನೆ ಬರುತ್ತದೆಯೇ’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಖಿನ್ನತೆ ಹೆಂಗಸರಲ್ಲಿ ಹೆಚ್ಚು. ಆದರೆ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ಸಾಯುವ ಹತ್ತು ಜನರಲ್ಲಿ ಏಳು ಮಂದಿ ಗಂಡಸರು. ಚಿಕಿತ್ಸೆಯ ಮೊದಲ ವಾರಗಳಲ್ಲಿ ಮೈಗೆ ಚೈತನ್ಯ ಮೊದಲು ಬಂದು ಮನಸ್ಸಿನ ನಿರಾಶೆ ಹಾಗೇ ಉಳಿದಿರಬಹುದು. ಆ ಹೊತ್ತಿನಲ್ಲಿ ಅವರನ್ನು ಒಂಟಿಯಾಗಿ ಬಿಡಬೇಡಿ. ತೋಟಕ್ಕೆ ಹೊಡೆಯುವ ವಿಷವೇನಾದರೂ ಮನೆಯಲ್ಲಿದ್ದರೆ ಬೇರೆಯವರ ಮನೆಗೆ ಸಾಗಿಸಿ. ಮಾತ್ರೆಯ ಪೊಟ್ಟಣ ನಿಮ್ಮ ಕೈಯಲ್ಲಿರಲಿ.

ಪ್ರಶ್ನೆ: ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, 22 ವರ್ಷ ಸರ್ವೀಸು. ಒಂದೂವರೆ ವರ್ಷದಿಂದ ಒಂದೇ ಪುಟವನ್ನು ಮೂರು ಸಲ ಓದಿದರೂ ತಲೆಗೆ ಹೋಗುವುದಿಲ್ಲ. ಟಪಾಲು ಬಿಚ್ಚಲು ಹೆದರಿ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಎರಡು ನೋಟಿಸ್ ಬಂದಿವೆ. ಮರ್ಯಾದೆ ಇರುವಾಗಲೇ ರಾಜೀನಾಮೆ ಕೊಟ್ಟುಬಿಡೋಣ ಅನ್ನಿಸುತ್ತಿದೆ. (ಕಾರವಾರ)

ಉತ್ತರ: ಕೊಡಬೇಡಿ. ‘ನಾನು ಈ ಕುರ್ಚಿಗೆ ಯೋಗ್ಯನಲ್ಲ’ ಎಂಬ ಭಾವನೆ ಖಿನ್ನತೆಯ ಲಕ್ಷಣ, ನಿಮ್ಮ 22 ವರ್ಷದ ಕೆಲಸದ ಬಗೆಗಿನ ತೀರ್ಪಲ್ಲ. ಚಿಕಿತ್ಸೆ ಶುರುವಾಗಿ ಕನಿಷ್ಠ ಮೂರು ತಿಂಗಳಾಗುವ ತನಕ ರಾಜೀನಾಮೆ, ಸ್ವಯಂ ನಿವೃತ್ತಿ, ಜಮೀನು ಮಾರಾಟದಂಥ ದೊಡ್ಡ ತೀರ್ಮಾನಗಳನ್ನು ಮುಂದೂಡಿ. ಪತ್ರ ಕೊಟ್ಟಾಗಿದ್ದರೂ ಅಂಗೀಕಾರವಾಗುವ ಮೊದಲು ಹಿಂಪಡೆಯಬಹುದು.

ಈ ವಾರ ಮಾಡಬೇಕಾದದ್ದು: ಮನೋವೈದ್ಯರನ್ನು ಕಂಡು, ಎಷ್ಟು ದಿನದ ವಿಶ್ರಾಂತಿ ಬೇಕು ಎಂಬ ಪ್ರಮಾಣಪತ್ರದೊಂದಿಗೆ ರಜೆ ಅರ್ಜಿ ಹಾಕಿ. ನಿಮ್ಮ ಲೆಕ್ಕದಲ್ಲಿ ಅರ್ಧ ವೇತನ ರಜೆ ಕೂಡಿರುತ್ತದೆ. ವೈದ್ಯಕೀಯ ಕಾರಣಕ್ಕೆ ಅದನ್ನು ಪರಿವರ್ತಿತ ರಜೆಯಾಗಿ ಪೂರ್ಣ ಸಂಬಳದ ಮೇಲೆ ಪಡೆಯಬಹುದು, ಒಂದು ದಿನಕ್ಕೆ ಎರಡು ದಿನ ಖರ್ಚಾಗುತ್ತದೆ. ಹೇಳದೆ ಕೇಳದೆ ಗೈರಾಗುವುದೇ ದೊಡ್ಡ ಅಪಾಯ, ಕಾಯಿಲೆಯ ವಿಷಯ ಆಗ ಶಿಸ್ತಿನ ವಿಷಯವಾಗಿ ಬದಲಾಗುತ್ತದೆ. ನೋಟಿಸಿಗೆ ಉತ್ತರ ಬರೆಯಲು ಆಗದಿದ್ದರೆ ನಂಬಿಕೆಯ ಸಹೋದ್ಯೋಗಿಯಿಂದ ಬರೆಸಿ, ‘ಚಿಕಿತ್ಸೆಯಲ್ಲಿದ್ದೇನೆ, ಉತ್ತರಕ್ಕೆ ಕಾಲಾವಕಾಶ ಬೇಕು’ ಎಂಬ ಎರಡು ಸಾಲಾದರೂ ಗಡುವಿನೊಳಗೆ ಹೋಗಲಿ. ಡ್ರಾಯರಿನ ಟಪಾಲನ್ನು ಒಬ್ಬರೇ ಬಿಚ್ಚಬೇಡಿ. ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಗಡುವು ಇರುವುದು, ಇಲ್ಲದ್ದು’ ಎಂದು ಎರಡು ಕಟ್ಟು ಮಾಡಿ. ನೀವು ಅಂದುಕೊಂಡದ್ದಕ್ಕಿಂತ ಮೊದಲ ಕಟ್ಟು ಸಣ್ಣದಿರುವ ಸಂಭವವೇ ಹೆಚ್ಚು.

ಕಾನೂನು ನಿಮ್ಮ ಪರವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20(4)ನೇ ಕಲಮಿನ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ನೌಕರರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಇದ್ದ ಹುದ್ದೆ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಈ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಖಿನ್ನತೆಯಿದ್ದ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ತಪ್ಪಿನ ಹಿಂದೆ ಕಾಯಿಲೆಯ ಪಾತ್ರವಿದ್ದರೆ ಅದಕ್ಕಾಗಿ ಶಿಸ್ತುಕ್ರಮ ಜರುಗಿಸುವುದೇ ತಾರತಮ್ಯವಾಗಬಹುದು ಎಂದು ಹೇಳಿತು. ಆದರೆ ಇವೆಲ್ಲಕ್ಕೂ ಚಿಕಿತ್ಸೆಯ ದಾಖಲೆ ಬೇಕು. ಹೊರರೋಗಿ ಚೀಟಿಯಿಂದ ಹಿಡಿದು ಪ್ರತಿ ಕಾಗದವನ್ನೂ ತಾರೀಕಿನ ಪ್ರಕಾರ ಒಂದು ಫೈಲಿನಲ್ಲಿಡಿ.

ಪ್ರಶ್ನೆ: ಮಗ ಗೋವಾದ ಫ್ಯಾಕ್ಟರಿಗೆ ಹೋಗುತ್ತಿದ್ದ, ಸಂಬಳ 17,000. ಖಿನ್ನತೆ ಅಂತ ಡಾಕ್ಟರು ಹೇಳಿದ್ದಾರೆ. ಕೆಲಸಕ್ಕೆ ಹೋಗದಿದ್ದರೆ ದುಡ್ಡು ಬರುವುದಿಲ್ಲ, ಹೋದರೆ ಇರಲಾಗುವುದಿಲ್ಲ. (ಮಾಜಾಳಿ)

ಉತ್ತರ: ಸಂಬಳದ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಇದೆಯೇ ನೋಡಿ. 21,000 ರೂಪಾಯಿಯೊಳಗಿನ ಸಂಬಳಕ್ಕೆ ಇದು ಅನ್ವಯಿಸುತ್ತದೆ. ವಂತಿಗೆಯ ಅವಧಿಯಲ್ಲಿ, ಅಂದರೆ ಆರು ತಿಂಗಳಲ್ಲಿ, 78 ದಿನದ ವಂತಿಗೆ ಕಟ್ಟಿದ್ದರೆ ವರ್ಷಕ್ಕೆ 91 ದಿನದ ತನಕ ಕೂಲಿಯ 70 ಶೇಕಡಾ ಸಿಗುತ್ತದೆ, ಖಿನ್ನತೆಗೂ ಸಿಗುತ್ತದೆ. ಎರಡು ವರ್ಷ ಸೇವೆಯಾಗಿ ಸಾಕಷ್ಟು ವಂತಿಗೆ ಇದ್ದವರಿಗೆ, ಖಿನ್ನತೆ ತೀವ್ರವೆಂದು ತಜ್ಞರು ದೃಢಪಡಿಸಿದರೆ, 80 ಶೇಕಡಾ ದರದ ವಿಸ್ತರಿತ ಸೌಲಭ್ಯವನ್ನೂ ಕೇಳಬಹುದು. ಪ್ರಮಾಣಪತ್ರ ಇಎಸ್‌ಐ ವೈದ್ಯರಿಂದಲೇ ಆಗಬೇಕು. ಖಾಸಗಿ ಡಾಕ್ಟರ ಚೀಟಿ ಮಾತ್ರ ಹಿಡಿದುಕೊಂಡು ಹೋದರೆ ಅಲೆದಾಟ ತಪ್ಪುವುದಿಲ್ಲ.

ಪ್ರಶ್ನೆ: ನಮ್ಮ ಮಾಣಿ (ಮಗ) 31ರವ, ಇಂಜಿನಿಯರ್. ಬೆಂಗಳೂರಿನಲ್ಲಿ ಆರು ವರ್ಷದಲ್ಲಿ ಮೂರು ನೌಕರಿ ಬಿಟ್ಟ. ಪ್ರತಿ ಸಲವೂ ಹಿಂದಿನದಕ್ಕಿಂತ ಸಣ್ಣ ಕೆಲಸ. ಈಗ 14 ತಿಂಗಳಿಂದ ಮನೆಯಲ್ಲಿದ್ದಾನೆ. ಮಾತ್ರೆ ನಡೆಯುತ್ತಿದೆ, ಮೊದಲಿಗಿಂತ ಅಡ್ಡಿಲ್ಲ. ಆದರೆ ಹನ್ನೊಂದು ಗಂಟೆಗೆ ಏಳುತ್ತಾನೆ. ಎರಡು ಎಕರೆ ಅಡಿಕೆ ತೋಟ ಇದೆ, ಅದನ್ನೇ ನೋಡಿಕೊಂಡಿರಲಿ, ಒಂದು ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ನೆಂಟರು ಹೇಳುತ್ತಾರೆ. (ಶಿರಸಿ)

ಉತ್ತರ: ಮದುವೆ ಚಿಕಿತ್ಸೆಯಲ್ಲ. ಮುಚ್ಚಿಟ್ಟು ಮಾಡಿದರೆ ಇಬ್ಬರಿಗೂ ಅನ್ಯಾಯ. ಅವನು ದುಡಿಮೆಗೆ ನಿಂತ ಮೇಲೆ, ವಿಷಯ ತಿಳಿಸಿ, ಅವನೇ ಬಯಸಿದರೆ ಮಾಡಿ.

ಮನೆಯಲ್ಲಿ ಕೂತ ಅವಧಿ ತಾನೇ ಒಂದು ಕಾಯಿಲೆಯಾಗುವುದನ್ನು 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರಿಯೆಂಥಾಲ್ ಎಂಬ ಹಳ್ಳಿಯಲ್ಲಿ ಸಂಶೋಧಕರು ಹತ್ತಿರದಿಂದ ನೋಡಿದ್ದರು. ಅಲ್ಲಿನ ಬಟ್ಟೆ ಗಿರಣಿ ಮುಚ್ಚಿ ಊರಿಗೆ ಊರೇ ನಿರುದ್ಯೋಗಿಯಾಗಿತ್ತು. ದಿನವಿಡೀ ಬಿಡುವಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತು. ಬೀದಿಯಲ್ಲಿ ನಡೆಯುವ ವೇಗ ಅಳೆದರೆ ಗಂಡಸರು ಹೆಂಗಸರಿಗಿಂತ ನಿಧಾನ, ನಡುನಡುವೆ ಸುಮ್ಮನೆ ನಿಲ್ಲುತ್ತಿದ್ದರು. ಹೆಂಗಸರಿಗೆ ಮನೆಗೆಲಸದ ಹೊತ್ತುಗೊತ್ತು ಉಳಿದಿತ್ತು, ಗಂಡಸರಿಗೆ ಗಿರಣಿಯ ಜೊತೆ ಗಡಿಯಾರವೂ ಹೋಗಿತ್ತು. ನಿಮ್ಮ ಮಗನ ಹನ್ನೊಂದು ಗಂಟೆಯೂ ಹೀಗೆಯೇ. ಮಾತ್ರೆ ಖಿನ್ನತೆಯನ್ನು ಇಳಿಸುತ್ತದೆ, ಗಡಿಯಾರವನ್ನು ಮರಳಿ ಕೊಡುವುದಿಲ್ಲ.

ಅದನ್ನು ಕಟ್ಟಬೇಕಾದವರು ಅವನೂ ನೀವೂ. ಏಳುವ ಹೊತ್ತನ್ನು ವಾರಕ್ಕೆ ಅರ್ಧ ತಾಸಿನಷ್ಟು ಹಿಂದೆ ತನ್ನಿ, ಹನ್ನೊಂದರಿಂದ ಏಳಕ್ಕೆ ಬರಲು ಎರಡು ತಿಂಗಳು. ಒಂದೇ ದಿನ ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಜಗಳಾಡಿದರೆ ಮೂರನೇ ದಿನಕ್ಕೆ ಮುರಿಯುತ್ತದೆ. ದಿನಕ್ಕೆ ಎರಡು ಕೆಲಸ ಸಾಕು. ಒಂದು ಮೈಬಗ್ಗಿಸಿ ಮಾಡುವಂಥದ್ದು, ಮತ್ತೊಂದು ಇನ್ನೊಬ್ಬರ ಮುಖ ನೋಡಬೇಕಾದಂಥದ್ದು. ಹಾಲು ಡೇರಿಗೆ ಕೊಡುವುದು ಎರಡನೆಯದಕ್ಕೆ ಚೆನ್ನಾಗಿ ಹೊಂದುತ್ತದೆ, ಅಲ್ಲಿ ಹೊತ್ತೂ ಇದೆ, ಜನರೂ ಇದ್ದಾರೆ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಖಿನ್ನತೆಯಲ್ಲಿ ಕೆಲಸ ಮೊದಲು, ಮನಸ್ಸು ಆಮೇಲೆ. ಮಾಡಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಹೊತ್ತಿನ ಸಮೇತ ಬರೆಯಲಿ. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ‘ಅಡ್ಡಿಲ್ಲ’ ಎಂಬ ಮಾತಿಗಿಂತ ಆ ಪುಸ್ತಕ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತೋಟ ನೋಡಿಕೊಂಡಿರಲಿ ಎಂಬ ಮಾತನ್ನು ಈಗ ತೀರ್ಮಾನಿಸಬೇಡಿ. ಅವನು ತೋಟ ಬಯಸಿ ಮಾಡಿದರೆ ಅದು ಉದ್ಯೋಗ, ಬೇರೆ ಗತಿಯಿಲ್ಲದೆ ಮಾಡಿದರೆ ಅಡಗುದಾಣ. ಪೂರ್ತಿ ಹುಷಾರಾದ ಮೇಲೆಯೇ ಕೆಲಸ ಹುಡುಕಬೇಕು ಎಂಬುದೂ ಸರಿಯಲ್ಲ. ಸಣ್ಣದಾದರೂ ಸಂಬಳದ ಕೆಲಸಕ್ಕೆ ಬೇಗ ಸೇರಿಸಿ, ಸೇರಿದ ಮೇಲೆ ಬೆನ್ನಿಗೆ ನಿಲ್ಲುವ ಪದ್ಧತಿ 1990ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಯಿತು. ತೀವ್ರ ಮನೋರೋಗ ಇದ್ದವರಲ್ಲೂ ವರ್ಷಗಟ್ಟಲೆ ತರಬೇತಿ ಕೊಡುವುದಕ್ಕಿಂತ ಇದರಿಂದಲೇ ಹೆಚ್ಚು ಮಂದಿ ಉದ್ಯೋಗ ಹಿಡಿದರು. ಪೇಟೆಯ ಅಡಿಕೆ ವ್ಯಾಪಾರದ ಕಡೆ ಸುಗ್ಗಿಯಲ್ಲಿ ಲೆಕ್ಕ ಬರೆಯುವ ಅರ್ಧ ದಿನದ ಕೆಲಸ ಸಿಕ್ಕರೂ ಸಾಕು. ಇಂಜಿನಿಯರನಿಗೆ ಇದು ಕಡಿಮೆಯಾಯಿತು ಎಂದು ನೀವು ಅನ್ನದಿದ್ದರೆ ಅವನೂ ಅನ್ನುವುದಿಲ್ಲ.

ಸಂದರ್ಶನದಲ್ಲಿ 14 ತಿಂಗಳ ಬಗ್ಗೆ ಕೇಳಿಯೇ ಕೇಳುತ್ತಾರೆ. ‘ಆರೋಗ್ಯದ ಕಾರಣಕ್ಕೆ ಬಿಡುವು ತೆಗೆದುಕೊಂಡಿದ್ದೆ, ಈಗ ಕೆಲಸಕ್ಕೆ ಸಿದ್ಧ, ನಾಲ್ಕು ತಿಂಗಳಿಂದ ಈ ಕೆಲಸ ಮಾಡುತ್ತಿದ್ದೇನೆ’ ಎಂಬ ಒಂದು ವಾಕ್ಯವನ್ನು ಬಾಯಲ್ಲಿ ಹೇಳಿ ಹೇಳಿ ರೂಢಿ ಮಾಡಿಕೊಳ್ಳಲಿ. ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ, ಆದರೆ ವೈದ್ಯಕೀಯ ಫಾರಂನಲ್ಲಿ ಸುಳ್ಳು ಬರೆಯುವುದು ಬೇಡ. ಮೂರು ನೌಕರಿ ಬಿಟ್ಟದ್ದು ಯಾವ ತಿಂಗಳಲ್ಲಿ, ಅದಕ್ಕೆ ಮೊದಲು ಏನಾಗಿತ್ತು ಎಂದೂ ಕೂತು ಬರೆಯಿರಿ. ರಾತ್ರಿ ಪಾಳಿ, ನಿದ್ದೆಗೇಡು, ಮಾತ್ರೆ ನಿಲ್ಲಿಸಿದ್ದು, ಇಂಥ ಒಂದು ಕಾರಣ ಮತ್ತೆ ಮತ್ತೆ ಕಂಡರೆ ಮುಂದಿನ ಕೆಲಸ ಆರಿಸುವಾಗ ಅದನ್ನು ತಪ್ಪಿಸಬಹುದು.

ಪ್ರಶ್ನೆ: ನಾನು ಕೊನೆಗೌಡ, ಅಂದರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಇಳಿಸುವವ. ಮನಸ್ಸಿನ ಕಾಯಿಲೆಗೆ ಮಾತ್ರೆ ಶುರುವಾಗಿ ಹತ್ತು ದಿನ ಆಯ್ತು. ಮರ ಹತ್ತಬಹುದಾ? (ಸಿದ್ದಾಪುರ)

ಉತ್ತರ: ಈಗ ಬೇಡ. ಮಾತ್ರೆ ಶುರುವಾದ ಮೊದಲ ಎರಡು ವಾರ, ಆಮೇಲೆ ಡೋಸ್ ಬದಲಾದಾಗಲೆಲ್ಲ ಮತ್ತೆರಡು ವಾರ, ಕಾಲು ನೆಲದ ಮೇಲಿರಲಿ. ಹಗ್ಗ ಹಿಡಿಯುವುದು, ಕೊನೆ ಹೊರುವುದು, ಅಡಿಕೆ ಸುಲಿಯುವುದು ಮಾಡಿ. ಕೆಲವು ಮಾತ್ರೆಗಳಿಂದ ಎದ್ದು ನಿಂತಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ, ಕೆಲವು ಬೆಳಗಿನ ತನಕ ಮಂಪರು ಉಳಿಸುತ್ತವೆ. ಐದು ನಿಮಿಷ ಮಲಗಿ, ತಟ್ಟನೆ ಎದ್ದು ನಿಂತಾಗ ತಲೆ ಸುತ್ತಿದರೆ ಹತ್ತಲೇಬೇಡಿ, ಮಲಗಿದಾಗ ಮತ್ತು ನಿಂತಾಗ ಎರಡು ಸಲ ಬಿಪಿ ನೋಡಿಸಿ. ‘ನಾನು ಮರ ಹತ್ತುವವನು’ ಎಂದು ಡಾಕ್ಟರಿಗೆ ಹೇಳಿದ್ದೀರಾ? ಹೇಳಿದರೆ ಮಂಪರು ಕಡಿಮೆಯಿರುವ ಮಾತ್ರೆ ಆರಿಸಬಹುದು. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್‌ನಂಥ ಮಾತ್ರೆ ಖಿನ್ನತೆಯ ಕೆಲವು ಔಷಧಿಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯವಿದೆ, ಟ್ರಾಮಡಾಲ್ ಇನ್ನೂ ಅಪಾಯ. ನೋವಿಗೆ ಯಾವುದು ನುಂಗಬಹುದು ಎಂದು ಕೇಳಿ ಬರೆಸಿಕೊಳ್ಳಿ.

ಪ್ರಶ್ನೆ: ನಮ್ಮ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಇರುವ ನಂಬಿಕಸ್ಥ ಮನುಷ್ಯ. ಆರು ತಿಂಗಳಿಂದ ತಡ, ಬಿಲ್ಲಿನಲ್ಲಿ ತಪ್ಪು, ಗಿರಾಕಿಗಳ ಮೇಲೆ ಸಿಡುಕು. ತೆಗೆಯಲು ಮನಸ್ಸಿಲ್ಲ. ಹೇಗೆ ಮಾತಾಡಲಿ? (ಕುಮಟಾ)

ಉತ್ತರ: ಗಂಡಸರಲ್ಲಿ ಖಿನ್ನತೆ ಅಳುವಿಗಿಂತ ಸಿಡುಕಾಗಿ ಕಾಣುವುದು ಸಾಮಾನ್ಯ. ಅಂಗಡಿ ಮುಚ್ಚಿದ ಮೇಲೆ ಒಬ್ಬರೇ ಇದ್ದಾಗ ಮಾತಾಡಿ. ‘ನಿನಗೇನಾಗಿದೆ’ ಎಂದು ಕೇಳಿದರೆ ‘ಏನಿಲ್ಲ’ ಅಂತಲೇ ಬರುತ್ತದೆ. ಕಂಡದ್ದನ್ನು ಹೇಳಿ: ‘ಈ ವಾರ ಮೂರು ಬಿಲ್ಲಿನಲ್ಲಿ ಲೆಕ್ಕ ತಪ್ಪಿದೆ, ಹತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ನಿದ್ದೆ ಬರ್ತಾ ಇದೆಯಾ?’ ನಿದ್ದೆಯ ಬಗ್ಗೆ ಮಾತಾಡಲು ಗಂಡಸರಿಗೆ ಸಂಕೋಚ ಕಡಿಮೆ. ಅಲ್ಲಿಂದ ಡಾಕ್ಟರ ತನಕ ಮಾತು ಒಯ್ಯಬಹುದು. ಕಾಯಿಲೆಯ ಹೆಸರು ನೀವೇ ಇಡಲು ಹೋಗಬೇಡಿ, ಉಳಿದ ಹುಡುಗರಿಗೆ ಹೇಳಬೇಡಿ.

ಖಿನ್ನತೆಯಲ್ಲಿ ಮಾಲೀಕನಿಗೆ ಆಗುವ ನಷ್ಟದಲ್ಲಿ ರಜೆಯ ದಿನಗಳದ್ದು ಸಣ್ಣ ಪಾಲು. ಬಂದು ಕೂತೂ ಅರ್ಧ ಕೆಲಸವಾಗುವ ದಿನಗಳದ್ದೇ ದೊಡ್ಡದು. ಹಾಗಾಗಿ ಎರಡು ತಿಂಗಳ ಮಟ್ಟಿಗೆ ಕೆಲಸ ಬದಲಿಸಿ ಕೊಡಿ. ಗಲ್ಲೆ ಮತ್ತು ಬಿಲ್ಲು ಬೇರೆಯವರಿಗೆ, ಅವರಿಗೆ ಸ್ಟಾಕ್ ಎಣಿಸಿ ಜೋಡಿಸುವುದು. ಬಾಯಲ್ಲಿ ಐದು ಕೆಲಸ ಒಟ್ಟಿಗೆ ಹೇಳುವ ಬದಲು ಚೀಟಿಯಲ್ಲಿ ಒಂದೊಂದಾಗಿ ಬರೆದುಕೊಡಿ. ಬೆಳಿಗ್ಗೆ ಒಂಬತ್ತರ ಬದಲು ಹತ್ತೂವರೆಗೆ ಬರಲಿ, ಬೆಳಗಿನ ಹೊತ್ತು ಅವರಿಗೆ ಅತಿ ಕಷ್ಟದ್ದು. ಆಸ್ಪತ್ರೆಯ ದಿನ ಸಂಬಳ ಮುರಿಯಬೇಡಿ. ಮುರಿದರೆ ಎರಡನೇ ಭೇಟಿಗೆ ಹೋಗುವುದಿಲ್ಲ, ಮಾತ್ರೆ ಅಲ್ಲಿಗೇ ನಿಲ್ಲುತ್ತದೆ. ಎರಡು ವಾರಕ್ಕೊಮ್ಮೆ ಹತ್ತು ನಿಮಿಷ ಕೂತು ಏನು ಸಾಗುತ್ತಿದೆ, ಏನು ಸಾಗುತ್ತಿಲ್ಲ ಕೇಳಿ, ಒಂದೇ ಒಂದು ಕೆಲಸ ಹೆಚ್ಚಿಸಿ. ಬಿಲ್ಲಿನ ಪುಸ್ತಕವನ್ನು ಅವರಾಗಿ ಕೇಳುವ ತನಕ ಕೊಡಬೇಡಿ. ಕೇಳಿದ ಮೇಲೆ ಮೊದಲ ವಾರ ಸಂಜೆ ಇಬ್ಬರೂ ಕೂತು ಒಟ್ಟಿಗೆ ತಾಳೆ ನೋಡಿ.